ತಲೆಕೆಳಗಾದ ಎಂಜಿನ್ನು

"ಎಂಜಿನ್ ತಾನೆ? ಪತ್ತೆ ಹಚ್ಚೋನು ನಾನೇ, ಆರಿಸೋನು ನಾನೇ, ತರೋನೂ ನಾನೇ. ಈ ವಿಷಯ ನಿನ್ನ ಭಾವನ ಕಿವಿಗೆ ಬಿತ್ತೋ, ಇನ್ನು ಮೇಲೆ ಈ ಮನೇಲಿ ನಾನು ಕಾಫಿ ಮುಟ್ಟಲ್ಲ!"

ಇಂಥದ್ದೊಂದು ಘನಘೋರ ಪ್ರತಿಜ್ಞೆ ನಡೆದದ್ದು ಅಡುಗೆಮನೆ ಬಾಗಿಲಲ್ಲಿ, ಬರೀ ಬನಿಯನ್ನಿನಲ್ಲಿ, ಬಲಗೈಲಿ ಸ್ಪ್ಯಾನರ್ ಎತ್ತಿ ಹಿಡಿದು. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಪ್ರತಿಜ್ಞೆ ಮುಗಿದಿದ್ದರೆ ಆ ಸ್ಪ್ಯಾನರ್ ತಗೊಂಡ ಜಾಗದಲ್ಲೇ ಇಟ್ಟುಬಿಡಿ, ಅದು ನಲ್ಲಿ ರಿಪೇರಿಯವರು ಮರೆತು ಹೋಗಿದ್ದು, ನಾಳೆ ಬಂದು ಕೇಳ್ತಾರೆ ಅಂದಳು.

ಪ್ರತಿಜ್ಞೆ ಮಾಡಿದ ಮಹಾನುಭಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಬೀದಿಯವರು, ಪ್ರೆಸ್ಸಿನವರು, ಕೊನೆಗೆ ಪೋಸ್ಟಿನವನೂ ಕರೆಯೋದು ಅಚ್ಚುಮೊಳೆ ಅಂತ. ಇಪ್ಪತ್ತು ವರ್ಷ ಹಳೇ ಕಾಲದ ಪ್ರೆಸ್ಸಿನಲ್ಲಿ ಸೀಸದ ಮೊಳೆ ಜೋಡಿಸಿದವನು. ಮೊಳೆ ಹೋಗಿ ಕಂಪ್ಯೂಟರ್ ಬಂದ ಮೇಲೆ ಅದೇ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದೋಕೆ ಕೂತ. ಅವತ್ತಿನಿಂದ ಕಣ್ಣಿಗೆ ಬಿದ್ದಿದ್ದನ್ನೆಲ್ಲ ತಿದ್ದುತ್ತಾನೆ. ಔಷಧಿ ಅಂಗಡಿ ಬೋರ್ಡಿಗೆ ಬಿಟ್ಟುಹೋದ ಒತ್ತಕ್ಷರ ಬರೆದು ಬಂದಿದ್ದಾನೆ. ಪಕ್ಕದ ಮನೆಯವರು "ನಾಯಿ ಇದೆ ಎಚ್ಚರಿಕೆ" ಅಂತ ಹಾಕಿದ್ದ ಬೋರ್ಡಿಗೆ ಅಲ್ಪವಿರಾಮ ಹಾಕೋಕೆ ಹೋಗಿ, ವಿರಾಮ ಸಿಗದೆ ಓಡಿ ಬಂದಿದ್ದಾನೆ.

ಇಂಥವನ ಎದೆಯಲ್ಲಿ ಮುಳ್ಳಾಗಿ ಕೂತಿದ್ದವನು ಒಬ್ಬನೇ: ಷಡ್ಡಕ. ಹೆಂಡತಿಯ ಅಕ್ಕನ ಗಂಡ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ನೋವಾಗದ ಹಾಗೆ ಹಲ್ಲು ಕೀಳ್ತಾನೆ ಅಂತ ಊರೆಲ್ಲ ಹೊಗಳುತ್ತೆ. ಹಾಡೋಕೆ ಬರುತ್ತೆ, ಕಾರು ಜೀಪು ಬಿಚ್ಚಿ ಜೋಡಿಸೋಕೆ ಬರುತ್ತೆ, ತಲೆ ತುಂಬ ಕೂದಲಿದೆ. ಹಾಡಿದ್ದನ್ನು ಕ್ಷಮಿಸಬಹುದು, ಜೀಪು ಬಿಚ್ಚಿದ್ದನ್ನೂ ಕ್ಷಮಿಸಬಹುದು, ಆದರೆ ಐವತ್ತೈದು ದಾಟಿದ ಮೇಲೂ ಆ ಕೂದಲು! ಅಚ್ಚುಮೊಳೆಗೆ ಮೂರು ವರ್ಷದಿಂದ ಒಂದು ದವಡೆ ಹಲ್ಲು ನೋಯ್ತಾ ಇದೆ. ಷಡ್ಡಕನ ಕ್ಲಿನಿಕ್ಕಿಗೆ ಹೋಗಿ ಅವನೆದುರು ಬಾಯಿ ಬಿಡೋದೇ, ಪ್ರಾಣ ಹೋದರೂ ಇಲ್ಲ. ಮೂರು ವರ್ಷದಿಂದ ಒಂದೇ ಕಡೆ ಅಗಿದು ನುಂಗ್ತಾ ಇದ್ದಾನೆ.

ಹಿಂದಿನ ತಿಂಗಳು ಷಡ್ಡಕ ತನ್ನ ಜೀಪಿಗೆ ಹೊಸ ಎಂಜಿನ್ ಹಾಕಿಸಿ, ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದ್ದ. "ದೊಡ್ಡ ಇಂಜಿನ್ ಕೂತಿತು" ಅಂತ ಕೆಳಗೆ ಒಂದು ಸಾಲು. ಮಾವನವರಿಂದ ಒಂದಲ್ಲ, ಎರಡಲ್ಲ, ನಾಲ್ಕು ಹೆಬ್ಬೆರಳು ಬಂದವು. ಅಚ್ಚುಮೊಳೆ ತನ್ನ ಜೀವಮಾನದಲ್ಲಿ ಮಾವನವರಿಂದ ಒಂದು ಹೆಬ್ಬೆರಳೂ ಪಡೆದವನಲ್ಲ. ಹೊಟ್ಟೆ ಧಗಧಗ ಅಂತು. ಸುಮ್ಮನಿರೋಕೆ ಆಗದೆ, "ಇಂಜಿನ್ ಅಲ್ಲ, ಎಂಜಿನ್" ಅಂತ ತಿದ್ದಿ ಹಾಕಿದ. ಷಡ್ಡಕ ಐದೇ ನಿಮಿಷದಲ್ಲಿ "ತಿದ್ದಿದ್ದಕ್ಕೆ ಧನ್ಯವಾದ" ಅಂತ ಬರೆದು ಕೈ ಮುಗಿದ ಚಿತ್ರ ಹಾಕಿದ. ಆ ಕೈ ಮುಗಿದ ಚಿತ್ರಕ್ಕೂ ಮಾವನವರಿಂದ ಒಂದು ಹೆಬ್ಬೆರಳು!

ಇನ್ನು ನಮ್ಮ ಅಚ್ಚುಮೊಳೆಯ ಜೀಪಿನ ವಿಷಯ. ಅದು ಮೊದಲು ಮಾವನವರದೇ. ಅವರು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದವರು. ನಾಲ್ಕೂ ಚಕ್ರಕ್ಕೆ ಎಳೆತ ಇರೋ ಆ ಪುಟ್ಟ ಜೀಪಿನಲ್ಲೇ ಗುಡ್ಡ ಕಾಡು ಸುತ್ತಿ, ಸರಪಳಿ ಎಳೆದು, ಕಲ್ಲು ನೆಡಿಸಿದವರು. ಎರಡು ವರ್ಷದ ಹಿಂದೆ ಕಣ್ಣು ಮಂಜಾಯಿತು ಅಂತ ಓಡಿಸೋದು ಬಿಟ್ಟರು. ಕೀಲಿ ತಂದು ಕಿರಿ ಅಳಿಯನ ಕೈಗಿಟ್ಟರು. ಕಿರಿ ಅಳಿಯನ ಕೈಗೆ! ಅವತ್ತು ಅಚ್ಚುಮೊಳೆ ನೆಲದ ಮೇಲೆ ನಡೀಲಿಲ್ಲ. ಆದರೆ ರಾತ್ರಿ ಮಲಗಿದಾಗ ಒಂದು ಸಣ್ಣ ಹುಳ ಕೊರೆಯೋಕೆ ಶುರುವಾಯಿತು. ಮಾವನವರಿಗೆ ನಾನೇ ಇಷ್ಟ ಅಂತ ಕೊಟ್ಟರೋ, ಇಲ್ಲ ಅವನ ಹತ್ತಿರ ಆಗಲೇ ಇಂಥದ್ದೇ ಒಂದು ಇದೆ ಅಂತ ಕೊಟ್ಟರೋ? ಹೆಂಡತಿಯನ್ನು ಕೇಳಿದರೆ, ನಿದ್ದೆ ಮಾಡಿ ಅಂದಳು. ಎರಡು ವರ್ಷದಿಂದ ಆ ಹುಳ ಕೊರೀತಾನೇ ಇದೆ.

ಎಂಜಿನ್ ಸತ್ತದ್ದೂ ಷಡ್ಡಕನ ಕಾರಣಕ್ಕೇ. ಹೋದ ಭಾನುವಾರ ಎರಡೂ ಕುಟುಂಬ ಎರಡು ಜೀಪಿನಲ್ಲಿ ಬೆಟ್ಟದ ಕಡೆ ಹೊರಟಿದ್ದವು. ಮುಂದೆ ಷಡ್ಡಕನ ಹೊಸ ಎಂಜಿನ್ನು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಏರು ಹತ್ತಿತು. ಹಿಂದೆ ಅಚ್ಚುಮೊಳೆಯ ಜೀಪಿನಲ್ಲಿ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ರೀ, ನಿಲ್ಲಿಸಿ ಅಂದಳು ಹೆಂಡತಿ. ಅವನೇ ನಿಲ್ಲಿಸಿಲ್ಲ, ನಾನ್ಯಾಕೆ ನಿಲ್ಲಿಸಲಿ ಅಂದ ಗಂಡ. ಮುಳ್ಳು ಕೆಂಪು ಗೆರೆ ದಾಟಿತು. ಬಾನೆಟ್ಟಿನಿಂದ ಹಬೆ ಎದ್ದಿತು. "ಮಂಜು" ಅಂದ ಅಚ್ಚುಮೊಳೆ. ಮುಂದಿನ ತಿರುವಿನಲ್ಲಿ ಗಾಡಿ ಒಂದು ಸಲ ಕಿರುಚಿ, ಒಂದು ಸಲ ಅದುರಿ, ಕಲ್ಲಾಯಿತು. ಹೆಂಡತಿಯಿಂದ ಷಡ್ಡಕನಿಗೆ ಫೋನ್ ಮಾಡಿಸಿ, ತಲೆನೋವು, ವಾಪಸ್ ಹೋಗ್ತಿದ್ದೀವಿ ಅಂತ ಹೇಳಿಸಿ, ಹಾಲಿನ ವ್ಯಾನಿಗೆ ಹಗ್ಗ ಕಟ್ಟಿಸಿ ಮನೆಗೆ ಎಳೆಸಿಕೊಂಡು ಬಂದದ್ದಾಯಿತು.

ಇಷ್ಟೇ ಆಗಿದ್ದರೆ ಜೀಪು ನಿಧಾನಕ್ಕೆ ರಿಪೇರಿ ಆಗ್ತಿತ್ತು. ಆದರೆ ಎರಡು ವಾರಕ್ಕೆ ಸರಿಯಾಗಿ ಮಾವನವರಿಗೆ ಎಪ್ಪತ್ತೈದು ತುಂಬುತ್ತಿತ್ತು. ಬೆಟ್ಟದ ನೆತ್ತಿಯಲ್ಲಿ ಅವರು ಮೊದಲ ವರ್ಷದ ನೌಕರಿಯಲ್ಲಿ ನೆಟ್ಟ ಸರ್ವೆ ಕಲ್ಲೊಂದಿದೆ. ಹುಟ್ಟಿದ ಹಬ್ಬಕ್ಕೆ ಉಡುಗೊರೆ ಗಿಡುಗೊರೆ ಬೇಡ, ನನ್ನ ಜೀಪಿನಲ್ಲೇ ಹತ್ತಿ ಆ ಕಲ್ಲು ಒಂದು ಸಲ ನೋಡಿ ಬರಬೇಕು ಅಂದಿದ್ದರು. ಅವರ ಜೀಪು ಓಡದಿದ್ದರೆ ಷಡ್ಡಕನದು ಇದ್ದೇ ಇದೆಯಲ್ಲ! ಮಾವನವರು ಆ ಮುಂದಿನ ಸೀಟಿನಲ್ಲಿ ಕೂತು, ನಗ್ತಾ, ಹೆಬ್ಬೆರಳು ಎತ್ತಿರೋ ದೃಶ್ಯ ಅಚ್ಚುಮೊಳೆಯ ಕಣ್ಣ ಮುಂದೆ ಬಂತು. ಆಗಲೇ ಅವನು ನಲ್ಲಿ ರಿಪೇರಿಯವರ ಸ್ಪ್ಯಾನರ್ ಎತ್ತಿಕೊಂಡದ್ದು.

ಅವತ್ತು ಬೆಳಗ್ಗೆಯಷ್ಟೇ ಗ್ಯಾರೇಜಿನ ಮೇಸ್ತ್ರಿ ಮನೆಗೇ ಬಂದಿದ್ದ. ಎಣ್ಣೆ ಕಡ್ಡಿ ಎಳೆದು ಮೂಸಿದ. ಮುಂದಿನ ಪುಲ್ಲಿಗೆ ಪಾನಾ ಹಾಕಿ ತಿರುಗಿಸೋಕೆ ನೋಡಿದ, ಅದು ಅಲ್ಲಾಡಲಿಲ್ಲ. ಎದ್ದು ಕೈ ಒರೆಸಿಕೊಂಡು ಹೇಳಿದ.

"ಪಿಸ್ಟನ್ ಹಿಡ್ಕೊಂಡಿದೆ ಸಾರ್. ಬ್ಲಾಕ್ ಬಿರುಕು. ಹೆಡ್ಡೂ ಹೋಗಿದೆ."

"ಗಾಡೀದಾ, ಇವರದಾ?" ಅಂದಳು ಹೆಂಡತಿ, ಒಗೆದ ಬಟ್ಟೆ ಒಣಗಿಸುತ್ತಾ.

ಬೇರೆ ಎಂಜಿನ್ನೇ ಹಾಕಬೇಕು ಅಂದ ಮೇಸ್ತ್ರಿ. ಈ ಜೀಪಿಗೆ ಆ ಕಾಲದಲ್ಲಿ ಎರಡು ಮೂರು ಥರದ ಎಂಜಿನ್ ಬಂದಿದ್ದವು, ಹೊರಗಿಂದ ಎಲ್ಲ ಒಂದೇ ಥರ ಕಾಣುತ್ತವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ನಂಬರು ನೋಡಿದರೆ ಕುಲಗೋತ್ರ ಗೊತ್ತಾಗುತ್ತೆ, ಮೊದಲ ಎರಡು ಅಂಕಿಯೇ ಅದರ ಸರಣಿ ಅಂದ. ನಾನು ನಾಳೆ ಬಂದು ನಂಬರು ನೋಡ್ಕೊಂಡು ಹೋಗ್ತೀನಿ ಅಂದವನು ಅಷ್ಟಕ್ಕೇ ಸುಮ್ಮನಾಗಿದ್ದರೆ ಈ ಕಥೆ ಇರ್ತಿರಲಿಲ್ಲ. ಹೊರಡೋ ಮುಂಚೆ, ನಿಮ್ಮ ಡಾಕ್ಟರ್ ಸಾಹೇಬರನ್ನ ಕೇಳಿ ಸಾರ್, ಅವರಾದರೆ ಬಾನೆಟ್ ಎತ್ತದೇ ಸದ್ದಿನಲ್ಲೇ ಹೇಳ್ತಾರೆ ಅಂದುಬಿಟ್ಟ.

ಉರಿಯೋ ಒಲೆಗೆ ಎಣ್ಣೆ ಸುರಿದ ಹಾಗಾಯಿತು. ಅಚ್ಚುಮೊಳೆ ಎದೆ ಉಬ್ಬಿಸಿ, ನಂಬರು ನಾನೇ ತೆಗೀತೀನಿ, ಎಂಜಿನ್ನೂ ನಾನೇ ಹುಡುಕ್ತೀನಿ, ನೀವು ಬಿಚ್ಚಿ ಜೋಡಿಸಿದರೆ ಸಾಕು ಅಂದ. ಎಂಜಿನ್ ಬಗ್ಗೆ ನಿಮಗೇನು ಗೊತ್ತು ಅಂತ ಹೆಂಡತಿ ಕೇಳಿದ್ದಕ್ಕೆ, ಏಳನೇ ಕ್ಲಾಸಿನ ವಿಜ್ಞಾನದ ಪುಸ್ತಕಕ್ಕೆ ಪ್ರೂಫ್ ನೋಡಿದವನು ಯಾರು ಅಂತ ತಿರುಗಿ ಕೇಳಿದ. ಅಂತರ್ದಹನ ಯಂತ್ರ, ಅಂದರೆ ಒಳಗೇ ಉರಿಯುವಂಥ ಎಂಜಿನ್ನು. ಎಳೆದುಕೊಳ್ಳೋದು, ಅದುಮೋದು, ಉರಿಯೋದು, ಹೊಗೆ ಬಿಡೋದು: ಒಟ್ಟು ನಾಲ್ಕು ಹಂತ. ಆ ಪಾಠದಲ್ಲಿ ಹನ್ನೊಂದು ತಪ್ಪು ತೆಗೆದಿದ್ದೀನಿ ಅಂದ.

"ತಪ್ಪು ತೆಗೆಯೋದು ಬೇರೆ, ಎಂಜಿನ್ ತೆಗೆಯೋದು ಬೇರೆ ರೀ," ಅಂದಳು ಹೆಂಡತಿ.

ಮಾರನೇ ದಿನ ಪ್ರೆಸ್ಸಿಗೆ ರಜೆ ಹಾಕಿ ಅಚ್ಚುಮೊಳೆ ಬಾನೆಟ್ಟಿನೊಳಗೆ ಅರ್ಧ ಶರೀರ ಇಳಿಸಿದ. ಹೊರಗೆ ಕಂಡದ್ದು ಎರಡು ಕಾಲು ಮಾತ್ರ. ಬ್ಲಾಕಿನ ಬದಿಯಲ್ಲಿ, ಜಿಡ್ಡಿನ ಪದರದ ಕೆಳಗೆ, ಕೊರೆದ ಅಂಕಿಗಳು ಸಿಕ್ಕವು. ಸೀಮೆಎಣ್ಣೆ ಹಾಕಿ ಉಜ್ಜಿದ. ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಒರೆಸಿ ನಂಬರಿನ ಅಚ್ಚು ತೆಗೆದ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು ಅಂತ ಅವನ ಹೆಂಡತಿಯೂ ಒಪ್ಪುತ್ತಾಳೆ.

ಕಾಗದದಲ್ಲಿ ಮೂಡಿದ್ದು 619806. ಅರವತ್ತೊಂದರ ಸರಣಿ. ಸೊಗಸಾಗಿ, ನೇರವಾಗಿ, ಮಕ್ಕಳೂ ಓದೋ ಹಾಗೆ ಮೂಡಿತ್ತು. ಆದರೆ ಓದೋನು ಮಗುವಲ್ಲವಲ್ಲ! ಇಪ್ಪತ್ತು ವರ್ಷ ಸೀಸದ ಮೊಳೆಗಳನ್ನು ತಲೆಕೆಳಗಾಗಿ ಹಿಡಿದು ಓದಿದವನು. ಲೋಹದ ಮೇಲಿರೋ ಅಕ್ಷರ ಯಾವತ್ತೂ ತಲೆಕೆಳಗೇ ಇರುತ್ತೆ ಅನ್ನೋದು ಅವನ ರಕ್ತದಲ್ಲಿ ಇಳಿದುಹೋಗಿತ್ತು. ಕಾಗದ ನೋಡಿ ಮುಸಿಮುಸಿ ನಕ್ಕ. ಸಾಮಾನ್ಯದವರು ಇದನ್ನೇ ಸರಿ ಅಂದುಕೊಂಡು ಮೋಸ ಹೋಗ್ತಾರೆ, ಷಡ್ಡಕನಂಥವನೂ ಮೋಸ ಹೋಗ್ತಾನೆ ಅಂದುಕೊಂಡ. ಕಾಗದವನ್ನು ನಿಧಾನಕ್ಕೆ ಅರ್ಧ ಸುತ್ತು ತಿರುಗಿಸಿದ. ಮೇಲಿನದು ಕೆಳಗಾಯಿತು, ಆರು ಒಂಬತ್ತಾಯಿತು, ಒಂಬತ್ತು ಆರಾಯಿತು, ಎಂಟು ಸೊನ್ನೆ ಒಂದು ಯಾವ ತಕರಾರೂ ಮಾಡದೆ ಹಾಗೇ ಕೂತವು. 908619! ತೊಂಬತ್ತರ ಸರಣಿ!

ಹಳೇ ಎಂಜಿನ್ ಮಾರೋ ಅಂಗಡಿಯವನು ನೂರು ಮೈಲಿ ಆಚೆ ಇದ್ದ. ಫೋನಿನಲ್ಲಿ, ತೊಂಬತ್ತರ ಸರಣಿ ಒಂದು ಇದೆ ಸಾರ್, ಆದರೆ ಯಾವ ಗಾಡಿಗೆ ಬೇಕಿತ್ತು ಅಂತ ಕೇಳಿದ. ಗಾಡಿ ಯಾವುದಾದರೆ ನಿಮಗೇನು, ನಂಬರು ಕೇಳಿ, ನಂಬರಿಗಿಂತ ದೊಡ್ಡ ಸಾಕ್ಷಿ ಇದೆಯಾ ಅಂತ ಗದರಿದ ಅಚ್ಚುಮೊಳೆ. ಅಂಗಡಿಯವನು ಮತ್ತೇನೋ ಹೇಳೋಕೆ ಹೋದ. ಎಂಜಿನ್ ಜೊತೆ ಇನ್ನೂ ಏನಾದರೂ ಬೇಕಾಗುತ್ತಾ ಅಂತ ಕೇಳಿದ ಹಾಗಿತ್ತು. ಏನೂ ಬೇಡ, ಬುಧವಾರದೊಳಗೆ ಮನೆ ಮುಂದೆ ಇಳಿಸಿ ಅಂತ ಹೇಳಿ ಫೋನ್ ಇಟ್ಟ. ಆ ಸಂಜೆ ಅವನು ಸೀಟಿ ಹೊಡೀತಾ ಸ್ನಾನ ಮಾಡಿದ. ರೊಟ್ಟಿಯನ್ನೂ ಎರಡೂ ಕಡೆ ಅಗಿಯೋಕೆ ಧೈರ್ಯ ಮಾಡಿ, ಅಯ್ಯಪ್ಪಾ ಅಂತ ದವಡೆ ಹಿಡಿದುಕೊಂಡ. ಹೆಂಡತಿ, ಭಾನುವಾರ ಭಾವನಿಗೆ ತೋರಿಸಬಾರದೇ ಅಂದಳು. ಸಿಕ್ಕಿದ ಉತ್ತರ ಇಲ್ಲಿ ಬರೆಯೋ ಹಾಗಿಲ್ಲ.

ಬುಧವಾರ ಲಾರಿ ಬಂತು. ನಾಲ್ಕು ಜನ ಹಲಗೆ ಹಾಕಿ, ಹಗ್ಗ ಕಟ್ಟಿ, ಒಂದು ದೈತ್ಯವನ್ನು ಇಳಿಸಿ, ಸರಿಯಾಗಿ ಬಾಗಿಲಿಗೆ ಅಡ್ಡ ಇಟ್ಟು ಹೋದರು. ಉದ್ದದಲ್ಲಿ ಅದು ಜೀಪಿಗೇ ಸಮ. ಹಿಂದಿನಿಂದ ಒಂದು ದಪ್ಪ ಕಬ್ಬಿಣದ ದಂಡ ಹೊರಗೆ ಬಂದಿತ್ತು. ದಂಡದ ತುದಿಯಲ್ಲಿ ಮೂರು ರೆಕ್ಕೆ. ಅಚ್ಚುಮೊಳೆ ಅದನ್ನು ಒಂದು ಸುತ್ತು ಹಾಕಿ, ಕೂಲ್ ಮಾಡೋ ಫ್ಯಾನು, ಹೊರಗೆ ಬಂದಿದೆ ಅಷ್ಟೇ ಅಂದ. ಆದರೆ ಧ್ವನಿಯಲ್ಲಿ ದಮ್ಮು ಇರಲಿಲ್ಲ.

ಮೇಸ್ತ್ರಿ ಬಂದ. ನೋಡಿದ. ಕೂತ. ಒಂದು ನಿಮಿಷ ತಲೆ ಬಗ್ಗಿಸಿಕೊಂಡು ಭುಜ ಕುಣಿಸಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ.

"ಇದು ದೋಣೀದು ಸಾರ್."

ಒಳಗಿಂದ ಹೆಂಡತಿ, ಬಾಗಿಲು ಮುಚ್ಚಿಹೋಗಿದ್ದರಿಂದ ಕಿಟಕಿಯಲ್ಲಿ ಮುಖ ಇಟ್ಟು, ಹಾಗಿದ್ದರೆ ಅಪ್ಪನನ್ನ ಬೆಟ್ಟದ ಬದಲು ಕೆರೆಗೆ ಕರ್ಕೊಂಡು ಹೋಗೋಣ ಬಿಡಿ ಅಂದಳು. ಮೇಸ್ತ್ರಿ ಜೀಪಿನ ಬಾನೆಟ್ ಎತ್ತಿ, ನಂಬರು ಓದಿ, ಆ ಪೆನ್ಸಿಲ್ ಕಾಗದ ಕೇಳಿ ಪಡೆದು, ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸಿದ. ಅವನಿಗೆ ಅರ್ಥವಾಯಿತು. ಅಚ್ಚುಮೊಳೆಗೂ ಆ ಗಳಿಗೆಯಲ್ಲೇ ಅರ್ಥವಾಯಿತು. ಇಂಗು ತಿಂದ ಮಂಗನ ಮುಖ ಅಂತಾರಲ್ಲ, ಆ ಮುಖವನ್ನು ಕನ್ನಡಿ ಇಲ್ಲದೇ ನೋಡಿಕೊಂಡ.

ದೋಣಿ ಎಂಜಿನ್ನನ್ನು ಅಂಗಡಿಯವನು ವಾಪಸ್ ತಗೊಂಡ. ಫೋನಿನಲ್ಲಿ ಬಾಯ್ತುಂಬ ನಕ್ಕು, ದೋಣಿ ಬೇಕಾ ಅಂತಲೇ ಸಾರ್ ನಾನು ಕೇಳಿದ್ದು ಅಂದನಂತೆ. ಹುಟ್ಟಿದ ಹಬ್ಬಕ್ಕೆ ಇನ್ನು ಎಂಟೇ ದಿನ ಇತ್ತು. ಅಚ್ಚುಮೊಳೆ ಹೆಂಡತಿಯನ್ನೂ ಕರೆದುಕೊಂಡು ಗ್ಯಾರೇಜಿಗೆ ಹೋಗಿ ಮೇಸ್ತ್ರಿಯ ಕೈ ಹಿಡಿದ. ಅರವತ್ತೊಂದರ ಸರಣಿ ಎಲ್ಲಿದ್ದರೂ ಸರಿ, ಯಾರದಾದರೂ ಸರಿ, ಹುಡುಕಿ ಇಡಿ, ಆರಿಸೋದನ್ನಾದರೂ ನನಗೇ ಬಿಡಿ ಅಂದ. ಒಂದೇ ಒಂದು ಷರತ್ತು, ನನ್ನ ಷಡ್ಡಕನಿಗೆ ಮಾತ್ರ ತಿಳೀಬಾರದು ಅಂದ. ಮೇಸ್ತ್ರಿ ಅಚ್ಚುಮೊಳೆಯ ಹೆಂಡತಿಯ ಮುಖ ನೋಡಿದ. ಅವಳು ಗೋಡೆ ಮೇಲಿನ ಟೈರಿನ ಕ್ಯಾಲೆಂಡರ್ ನೋಡಿದಳು.

"ನನ್ನ ಬಾಯಿಂದ ಅವರಿಗೆ ಹೊಸದಾಗಿ ಏನೂ ತಿಳಿಯಲ್ಲ ಸಾರ್," ಅಂದ ಮೇಸ್ತ್ರಿ.

ಎರಡು ದಿನ ಬಿಟ್ಟು ಕರೆ ಬಂತು. ಗಂಡ ಹೆಂಡತಿ ಹೋದಾಗ ಗ್ಯಾರೇಜಿನ ನೆಲದಲ್ಲಿ ಮೂರು ಎಂಜಿನ್ ಸಾಲಾಗಿ ಕೂತಿದ್ದವು. ಮೊದಲನೆಯದಕ್ಕೆ ಬೆಳ್ಳಿ ಬಣ್ಣ ಬಳಿದು ಫಳಫಳ ಮಾಡಿತ್ತು. ಎರಡನೆಯದು ಸಾಧಾರಣ. ಮೂರನೆಯದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿತ್ತು. ಈ ಸಲ ಅಚ್ಚುಮೊಳೆ ದುಡುಕಲಿಲ್ಲ, ಹೇಗೆ ನೋಡಬೇಕು ಅಂತ ಮೇಸ್ತ್ರಿಯನ್ನು ಕೇಳಿ ಕೇಳಿ ನೋಡಿದ. ಬೆಳ್ಳಿ ಬಣ್ಣದ್ದರ ಎಣ್ಣೆ ಮುಚ್ಚಳ ತೆಗೆದರೆ ಒಳಗೆ ಬಿಳೀ ಕೆನೆ ಕಟ್ಟಿತ್ತು. ಎಣ್ಣೆಗೆ ನೀರು ಸೇರಿದೆ, ಬರೀ ಮುಖಕ್ಕೆ ಪೌಡರ್ ಅಂದ ಮೇಸ್ತ್ರಿ. ಎರಡನೆಯದನ್ನು ಪಾನಾ ಹಾಕಿ ತಿರುಗಿಸಿದರೆ ಮಧ್ಯದಲ್ಲೊಂದು ಕಡೆ ತಡೀತಿತ್ತು. ಮೂರನೆಯದರ ಬೆಡ್‌ಶೀಟ್ ಬಿಚ್ಚಿದಾಗ ಅಚ್ಚುಮೊಳೆಯ ಮನಸ್ಸು ಅಲ್ಲೇ ಕರಗಿತು. ಒಂದೊಂದು ಬೋಲ್ಟಿಗೂ ಗ್ರೀಸು. ತೂತುಗಳಿಗೆಲ್ಲ ಹತ್ತಿಯ ಪುಟ್ಟ ಪುಟ್ಟ ಉಂಡೆ ತುರುಕಿ ಧೂಳು ಹೋಗದ ಹಾಗೆ ಮುಚ್ಚಿತ್ತು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದ, ಮೇಸ್ತ್ರಿ ಪಾನಾ ತಿರುಗಿಸಿದ. ಗಾಳಿಯ ಒತ್ತಡ ಹೆಬ್ಬೆರಳನ್ನೇ ಚಿಮ್ಮಿಸಿತು!

ನಂಬರಿನ ಹತ್ತಿರ ಬಗ್ಗಿದ. 619807. ಈ ಸಲ ಕೊನೆಗೊಂದು ಏಳು ಇದ್ದದ್ದರಿಂದ ತಿರುಗಿಸಿ ಓದೋ ಪ್ರಶ್ನೆಯೇ ಬರಲಿಲ್ಲ. ನಮ್ಮದು ಆರು, ಇದು ಏಳು, ಒಂದೇ ಅಂಕಿ ವ್ಯತ್ಯಾಸ, ಇವು ಒಡಹುಟ್ಟಿದವು ಕಣೇ ಅಂತ ಕೂಗಿದ. ಸಂತೋಷಕ್ಕೆ ಅವನ ಬಾಯಿ ನಿಲ್ಲಲಿಲ್ಲ.

"ಇದನ್ನ ಇಟ್ಟುಕೊಂಡಿದ್ದವನು ಯಾರೋ, ಪುಣ್ಯಾತ್ಮ! ಎಂಥ ಶಿಸ್ತು, ಎಂಥ ಕೈ! ನಮ್ಮ ಷಡ್ಡಕನೂ ಇದ್ದಾನೆ ನೋಡು, ಬರೀ ಜಂಬ. ಎಂಜಿನ್ ಹೇಗೆ ನೋಡ್ಕೋಬೇಕು ಅಂತ ಇಂಥವರ ಹತ್ತಿರ ಬಂದು ಕಲೀಲಿ. ಈ ಮನುಷ್ಯ ಎದುರಿಗೆ ಸಿಕ್ಕರೆ ಕಾಲಿಗೆ ಬೀಳ್ತೀನಿ ನಾನು!"

ಹೆಂಡತಿಗೆ ಯಾಕೋ ಜೋರು ಕೆಮ್ಮು ಬಂತು. ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಮೇಸ್ತ್ರಿಗೆ ಬೆಂಚಿನ ಕೆಳಗೆ ಏನೋ ಹುಡುಕೋ ಕೆಲಸ ಬಿತ್ತು. ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ. ಗ್ಯಾರೇಜಿನ ಹೊಗೆ ಆಗಿಬರಲ್ಲ ಇವಳಿಗೆ ಅಂದುಕೊಂಡ ಅಚ್ಚುಮೊಳೆ.

ಎಂಜಿನ್ನು ಕೈಗವಸು ಕೂತ ಹಾಗೆ ಕೂತಿತು. ಸ್ಟಾರ್ಟ್ ಮಾಡಿದಾಗ ಮೂರು ಸಲ ಕೆಮ್ಮಿ, ಒಂದು ಸಲ ಬಿಕ್ಕಿ, ಆಮೇಲೆ ಗುಂಯ್ ಅಂತ ಏಕಶ್ರುತಿ ಹಿಡಿಯೋದು. ಅಚ್ಚುಮೊಳೆಗೆ ಆ ಕೆಮ್ಮು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿತು. ಎರಡು ಕ್ಷಣ ಯೋಚಿಸಿ, ದೊಡ್ಡ ಮನುಷ್ಯರು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳೋ ಥರ ಇದೆ ಅಂತ ತೀರ್ಮಾನಿಸಿದ.

ಆ ದಿನ ಬಂತು. ಬೆಳಗ್ಗೆ ಷಡ್ಡಕ ತನ್ನ ಜೀಪನ್ನು ಮನೆಯಲ್ಲೇ ಬಿಟ್ಟು, ಹೆಂಡತಿ ಜೊತೆ ನಡೆದೇ ಬಂದ. ಎಲ್ಲರೂ ಒಂದೇ ಗಾಡಿಯಲ್ಲಿ ಹೋಗೋಣ ಅಂದ. ಅಚ್ಚುಮೊಳೆಗೆ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಮಾವನವರು ಮುಂದೆ ಕೂತರು. ಹಿಂದೆ ಅಕ್ಕ ತಂಗಿಯರು, ಅವರ ಮಧ್ಯೆ ಮಂಡಿ ಮಡಚಿಕೊಂಡು ಷಡ್ಡಕ. ಅಚ್ಚುಮೊಳೆ ಕೀಲಿ ತಿರುಗಿಸಿದ. ಮೂರು ಕೆಮ್ಮು, ಒಂದು ಬಿಕ್ಕು. ಹಿಂದಿನಿಂದ ಹೆಂಡತಿಯ ಅಕ್ಕ, "ಅಯ್ಯೋ, ನಮ್ಮ..." ಅನ್ನೋಕೆ ಬಾಯಿ ತೆರೆದು, ಯಾರೋ ಚಿವುಟಿದ ಹಾಗೆ, ನಮ್ಮ ಮಫ್ಲರ್ ಮರೆತೆ ಅಂದಳು. ಮಫ್ಲರ್ ಅವಳ ಕತ್ತಿನಲ್ಲೇ ಇತ್ತು.

ಬೆಟ್ಟದ ಏರಿನಲ್ಲಿ ಗಾಡಿ ಎಲ್ಲೂ ನಿಲ್ಲಲಿಲ್ಲ. ಬಿಸಿಯ ಮುಳ್ಳು ಮಧ್ಯದಲ್ಲೇ ಕೂತಿತ್ತು. ಹಿಂದೆ ಗಾಡಿ ಕಲ್ಲಾಗಿದ್ದ ಆ ತಿರುವು ಬಂದಾಗ ಅಚ್ಚುಮೊಳೆ ನಾಲ್ಕೂ ಚಕ್ರದ ಗೇರು ಹಾಕಿ, ಕನ್ನಡಿಯಲ್ಲಿ ಷಡ್ಡಕನ ಮುಖ ನೋಡುತ್ತಾ ಏರಿಸಿದ. ಷಡ್ಡಕ ನಗ್ತಾ ಇದ್ದ. ಹೊಟ್ಟೆಕಿಚ್ಚು ಮುಚ್ಚಿಕೊಳ್ಳೋಕೆ ನಗ್ತಿದ್ದಾನೆ ಪಾಪ ಅಂದುಕೊಂಡ ಅಚ್ಚುಮೊಳೆಗೆ ಜೀವನದಲ್ಲಿ ಮೊದಲ ಸಲ ಅವನ ಮೇಲೆ ಕರುಣೆ ಬಂತು.

ನೆತ್ತಿಯಲ್ಲಿ ಮಾವನವರು ಇಳಿದು ತಮ್ಮ ಕಲ್ಲಿನ ಹತ್ತಿರ ಹೋದರು. ಅದರ ತಲೆ ಸವರಿದರು. ತಿರುಗಿ ಬಂದು ಜೀಪಿನ ಬಾನೆಟ್ ಮೇಲೆ ಕೈಯಿಟ್ಟು, ನಲವತ್ತು ವರ್ಷ ಆದಮೇಲೂ ಇದು ಹೀಗೆ ಹತ್ತುತ್ತೆ ಅಂತ ಅಂದುಕೊಂಡಿರಲಿಲ್ಲ ಅಂದರು. ಅಷ್ಟು ಸಾಕಾಯಿತು. ಅಚ್ಚುಮೊಳೆ ಬಾನೆಟ್ ಎತ್ತಿ ನಿಲ್ಲಿಸಿ ಭಾಷಣ ಶುರು ಮಾಡಿದ. ಹಳೇ ಎಂಜಿನ್ ಹೋದದ್ದು, ತಾನು ಮೂರರಲ್ಲಿ ಒಂದನ್ನು ಆರಿಸಿದ್ದು, ಹೆಬ್ಬೆರಳು ಚಿಮ್ಮಿದ್ದು ಎಲ್ಲ ಹೇಳಿದ. ದೋಣಿಯ ವಿಷಯ ಮಾತ್ರ ಸಮಯದ ಅಭಾವದಿಂದ ಬಿಟ್ಟ. ಕೊನೆಗೆ ಷಡ್ಡಕನ ಕಡೆ ತಿರುಗಿ, ನಿಮ್ಮ ದೊಡ್ಡ ಎಂಜಿನ್ನಿಗಿಂತ ಇದು ನೂರು ಪಾಲು ಮೇಲು, ಇದನ್ನ ಸಾಕಿದ ಮನುಷ್ಯ ಸಿಕ್ಕರೆ ಈಗಲೂ ಕಾಲಿಗೆ ಬೀಳ್ತೀನಿ ಅಂದ.

ಷಡ್ಡಕ ಮೆಲ್ಲಗೆ ತನ್ನ ಎರಡೂ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

ಮಾವನವರು ಕನ್ನಡಕ ಹಣೆಗೇರಿಸಿ, ಬಗ್ಗಿ, ಮೂಗು ತಾಗೋ ಹಾಗೆ ನಂಬರು ಓದಿದರು. ಸರ್ವೆಯರ್ ಆದವರಿಗೆ ಒಂದು ಸಲ ನೋಡಿದ ಅಂಕಿ ಸಾಯೋತನಕ ಮರೆಯಲ್ಲ.

"ಆರು ಒಂದು ಒಂಬತ್ತು ಎಂಟು ಸೊನ್ನೆ ಏಳು. ಇದು ದೊಡ್ಡಳಿಯಂದಿರ ಗಾಡೀದಲ್ಲವೇ? ಎರಡೂ ಗಾಡಿಯನ್ನ ಅವರಪ್ಪನೂ ನಾನೂ ಒಂದೇ ದಿನ, ಒಂದೇ ಕಡೆಯಿಂದ ತಂದದ್ದು. ನನಗೆ ಆರು ಬಂತು, ಅವರಿಗೆ ಏಳು."

ಅಚ್ಚುಮೊಳೆ ಹೆಂಡತಿಯ ಕಡೆ ನೋಡಿದ, ಅವಳು ಅಕ್ಕನ ಕಡೆ ನೋಡಿದಳು, ಅಕ್ಕ ಮಫ್ಲರ್ ನೋಡಿಕೊಂಡಳು. ಆಮೇಲೆ ಎಲ್ಲ ಹೊರಗೆ ಬಂತು. ದೋಣಿ ಎಂಜಿನ್ ಇಳಿದ ದಿನವೇ ಹೆಂಡತಿ ಭಾವನಿಗೆ ಫೋನ್ ಮಾಡಿದ್ದಳು. ಹಿಂದಿನ ತಿಂಗಳು ತನ್ನ ಜೀಪಿನಿಂದ ಬಿಚ್ಚಿ ಶೆಡ್ಡಿನಲ್ಲಿ ಸುತ್ತಿಟ್ಟಿದ್ದ ಹಳೇ ಎಂಜಿನ್ನನ್ನು ಷಡ್ಡಕ ತಾನೇ ಗ್ಯಾರೇಜಿಗೆ ತಂದಿಟ್ಟು, ನನ್ನದು ಅಂತ ಹೇಳಬೇಡಿ, ಇನ್ನೆರಡು ಪಕ್ಕದಲ್ಲಿಡಿ, ಅವರೇ ಆರಿಸಲಿ, ಒಪ್ಪಿಗೆಯಾದರೆ ಹಾಕಿ ಅಂದಿದ್ದ. ತೂತಿಗೆ ತುರುಕಿದ್ದ ಹತ್ತಿ ಉಂಡೆಗಳು ಎಲ್ಲಿಯವು ಅಂತ ಈಗ ಹೊಳೆಯಿತು ಅಚ್ಚುಮೊಳೆಗೆ. ಹಲ್ಲು ಕಿತ್ತ ಮೇಲೆ ಕಚ್ಚಿಸೋ ಹತ್ತಿ!

ಅವನಿಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು. ಆದರೂ ಎರಡು ವರ್ಷದ ಹುಳ ಸುಮ್ಮನಿರಲಿಲ್ಲ. ಮುಳುಗೋನು ಹೇಗೂ ಮುಳುಗಿದ್ದೀನಿ, ತಳವನ್ನಾದರೂ ನೋಡಿಬಿಡೋಣ ಅಂತ ಧೈರ್ಯ ಮಾಡಿ, ಮಾವ, ಈ ಜೀಪು ನನಗೇ ಯಾಕೆ ಕೊಟ್ಟಿರಿ ಅಂತ ಕೇಳಿಯೇಬಿಟ್ಟ. ಮಾವನವರಿಗೆ ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ. ದೊಡ್ಡಳಿಯಂದಿರೇ ಹೇಳಿದರು ಅಂದರು. ಅವರಿಗೆ ಕೊಟ್ಟರೆ ಬಿಚ್ಚಿ ಜೋಡಿಸುತ್ತಾ ಶೆಡ್ಡಿನಲ್ಲೇ ಇಡ್ತಾರಂತೆ, ನೀವಾದರೆ ಮೂರು ಹೊತ್ತೂ ಓಡಿಸ್ತೀರಂತೆ, ಗಾಡಿ ಅಂದರೆ ನಿಮಗೆ ಅಷ್ಟು ಆಸೆ ಅಂತ ಅವರೇ ಗಮನಿಸಿದ್ದರಂತೆ ಅಂದರು.

ಜಂಬದವನು ಅಂತ ಬೈದ ಮನುಷ್ಯ ಎದುರಿಗೇ ನಿಂತು, ತಪ್ಪು ಮಾಡಿದವನ ಹಾಗೆ ಬೆರಳು ಹಿಸುಕಿಕೊಳ್ತಾ ಇದ್ದ. ಇವನ ಮೇಲೆ ಇನ್ನು ಉರಿದುಕೊಳ್ಳೋದು ಹೇಗೆ ಅಂತ ಅಚ್ಚುಮೊಳೆಗೆ ನಿಜಕ್ಕೂ ಚಿಂತೆಯಾಯಿತು. ಅಭ್ಯಾಸ ತಪ್ಪಿಹೋಗೋದು ಅಂದರೆ ಸುಮ್ಮನೆಯೇ!

ಮಾವನವರು ಬಾನೆಟ್ ಇಳಿಸಿ, ಕೈ ಕೊಡವಿಕೊಂಡು, ಲೆಕ್ಕ ಸರಿಹೋಗದ ಸರ್ವೆಯರ್ ಥರ ಯೋಚಿಸಿದರು.

"ಅಲ್ಲ, ಗಾಡಿ ನನ್ನದು. ಎಂಜಿನ್ ದೊಡ್ಡಳಿಯಂದಿರದು. ಹಾಗಾದರೆ ಇದರಲ್ಲಿ ನಿಮ್ಮದೇನು?"

"ಇವರದ್ದೂ ಇದೆ ಅಪ್ಪ," ಅಂದಳು ಹೆಂಡತಿ. "ಒಳಗೇ ಉರಿಯೋದು ಇವರದ್ದು."

ಎಲ್ಲರೂ ನಕ್ಕರು. ಅಚ್ಚುಮೊಳೆಯೂ ನಕ್ಕ. ನಕ್ಕ ರಭಸಕ್ಕೆ ತಣ್ಣನೆ ಗಾಳಿ ಬಾಯೊಳಗೆ ಹೊಕ್ಕು, ಮೂರು ವರ್ಷದ ದವಡೆ ಹಲ್ಲು ಜುಂ ಅಂತ ಹೊಡೆಯಿತು. ಕೆನ್ನೆ ಹಿಡಿದುಕೊಂಡು ಅವನು ಷಡ್ಡಕನ ಹತ್ತಿರ ಹೋದ. ಕೆಳಗೆ ನೋಡುತ್ತಾ, ಸೋಮವಾರ ನಿಮ್ಮ ಕ್ಲಿನಿಕ್ಕು ಎಷ್ಟು ಹೊತ್ತಿಗೆ ತೆಗೀತೀರಿ ಅಂತ ಕೇಳಿದ.

ಷಡ್ಡಕನ ಮುಖ ಅರಳಿತು. ಒಂಬತ್ತಕ್ಕೇ ಬನ್ನಿ, ಮೊದಲು ನಿಮ್ಮನ್ನೇ ನೋಡ್ತೀನಿ ಅಂದ. ಆಮೇಲೆ ಡಾಕ್ಟರ ಧ್ವನಿಯಲ್ಲಿ, "ಯಾವ ಹಲ್ಲು? ಮೇಲಿನದೋ, ಕೆಳಗಿನದೋ?" ಅಂದ.

ಅಚ್ಚುಮೊಳೆ ಬಾಯಿ ತೆರೆಯೋಷ್ಟರಲ್ಲಿ ಹೆಂಡತಿ ಅಡ್ಡ ಬಂದಳು.

"ಅದೊಂದನ್ನ ಮಾತ್ರ ಇವರನ್ನ ಕೇಳಬೇಡಿ ಭಾವ. ನೀವೇ ಬಾಯಿ ಬಿಡಿಸಿ ನೋಡಿಕೊಳ್ಳಿ."